ಕಾರಿನ ಒಳಛಾವಣಿ ಜೋತುಬಿದ್ದಾಗ

ಹಳೆಯ ಕಾರಿನ ಹಿಂದಿನ ಆಸನದಲ್ಲಿ ಕುಳಿತವರ ನೆತ್ತಿಗೆ ಮೇಲಿನಿಂದ ಬಟ್ಟೆ ತಾಗತೊಡಗಿತೆಂದರೆ ಮನೆಮಂದಿ ಮೊದಲು ನಗುತ್ತಾರೆ. ಬಳಿಕ ಗುಂಡುಸೂಜಿ ಚುಚ್ಚುತ್ತಾರೆ. ಸೂಜಿಗಳು ಉದುರಿದ ಮೇಲೆ ಅಂಟುಪಟ್ಟಿಯ ಸರದಿ. ಒಂದು ಬೇಸಗೆ ಕಳೆಯುವಷ್ಟರಲ್ಲಿ ಅದೂ ಸೋತು, ಬಟ್ಟೆಯು ಚಾಲಕನಿಗೆ ಹಿಂದಿನ ದಾರಿ ತೋರುವ ಕನ್ನಡಿಗೇ ಅಡ್ಡವಾಗುತ್ತದೆ. ಅಂದಗೇಡಿಯಾಗಿದ್ದುದು ಆಗ ಅಪಾಯಕಾರಿಯೂ ಆಗುತ್ತದೆ.

ಈ ಬಟ್ಟೆಯನ್ನು ಕುಷನ್ ಕೆಲಸದವರು ‘ರೂಫ್ ಲೈನಿಂಗ್’ ಎನ್ನುತ್ತಾರೆ. ತಗಡಿನ ಕಾವನ್ನೂ ಮಳೆಹನಿಗಳ ಸದ್ದನ್ನೂ ತಗ್ಗಿಸುವುದು, ದೀಪದ ತಂತಿಗಳನ್ನು ಮರೆಮಾಡುವುದು ಅದರ ಕೆಲಸ. ಅದು ಜೋತುಬಿದ್ದಾಗ ದೋಷವೆಲ್ಲ ಬಟ್ಟೆಯದೆಂದು ತೋರಿದರೂ ಅನೇಕ ವೇಳೆ ಸೋತಿರುವುದು ಅದರ ಹಿಂದಿನ ಆಸರೆ. ಆಸರೆಯಲ್ಲಿ ಮುಖ್ಯವಾಗಿ ಎರಡು ಬಗೆಯಿರುವುದರಿಂದ ದುರಸ್ತಿಯೂ ಎರಡು ಬಗೆಯದು.

ಕಂಬಿಗೆ ತೂಗುವ ಬಟ್ಟೆ

ಮಾರಿಸ್ ಮೈನರ್, ಫೋಕ್ಸ್‌ವ್ಯಾಗನ್ ಬೀಟಲ್ ಮೊದಲಾದ ಹಿಂದಿನ ಕಾಲದ ಕಾರುಗಳಲ್ಲಿ ಒಳಛಾವಣಿಯು ಬಿಲ್ಲಿನಂತೆ ಬಾಗಿದ ಉಕ್ಕಿನ ಕಂಬಿಗಳಿಗೆ ತೂಗುತ್ತದೆ. ಕಿಟಕಿಯ ಪರದೆಗೆ ಕಂಬಿ ತೂರಿಸಲು ಮಡಿಕೆ ಹೊಲಿಯುವಂತೆ ಬಟ್ಟೆಯ ಬೆನ್ನಿಗೆ ಪಟ್ಟಿಗಳನ್ನು ಹೊಲಿದಿರುತ್ತಾರೆ. ಹೊಲಿಗೆಯ ಹತ್ತಿನೂಲು ತೇವಕ್ಕೆ ಕೊಳೆತರೆ, ಕಂಬಿ ತುಕ್ಕು ಹಿಡಿದು ಪಟ್ಟಿಯನ್ನು ತಿಂದರೆ, ಅಥವಾ ಅಂಚಿನ ಅಂಟು ಬಿಟ್ಟರೆ ಬಟ್ಟೆ ಇಳಿಯುತ್ತದೆ.

ಕಂಬಿಗಳ ಉದ್ದವೂ ಬಾಗೂ ಒಂದೇ ಅಳತೆಯವಲ್ಲ. ಆದುದರಿಂದ ಬಿಚ್ಚುವಾಗಲೇ ಮುಂದಿನಿಂದ ಹಿಂದಕ್ಕೆ 1, 2, 3 ಎಂದು ಗುರುತು ಹಾಕಬೇಕು. ತುಕ್ಕನ್ನು ಉಜ್ಜಿ ತೆಗೆದು ರೆಡ್ ಆಕ್ಸೈಡ್ ಬಳಿಯಬೇಕು. ಹೊಸ ಹೊಲಿಗೆಗೆ ಕೊಳೆಯದ ಪಾಲಿಯೆಸ್ಟರ್ ನೂಲು ಲೇಸು. ಬಟ್ಟೆಯ ಅಂಚು ಬಹುಮಟ್ಟಿಗೆ ಗಾಜಿನ ರಬ್ಬರ್ ಬೀಡಿಂಗಿನ ಅಡಿಯಲ್ಲಿ ಅಡಗಿರುತ್ತದೆ. ಕೆಲಸ ಅಚ್ಚುಕಟ್ಟಾಗಬೇಕಾದರೆ ಮುಂದಿನ ಮತ್ತು ಹಿಂದಿನ ಗಾಜುಗಳನ್ನು ಇಳಿಸಲೇಬೇಕು. ಈ ಶ್ರಮವನ್ನು ತಪ್ಪಿಸಿದ ಕಡೆಯಲ್ಲೇ ಸುಕ್ಕುಗಳು ಉಳಿಯುವುದು.

ಬಟ್ಟೆಯ ನಡುಗೆರೆಯನ್ನು ಸೀಮೆಸುಣ್ಣದಿಂದ ಗುರುತಿಸಿ, ಮೊದಲು ಹಿಂದು-ಮುಂದಾಗಿ, ಅನಂತರ ಎರಡು ಮಗ್ಗುಲಿಗೂ ಸಮನಾಗಿ ಎಳೆಯುತ್ತಾರೆ. ರೆಕ್ಸಿನ್ ಆದರೆ ಸ್ವಲ್ಪ ಹೊತ್ತು ಬಿಸಿಲಿಗೆ ಹಾಕಿ ಮೆದುಗೊಳಿಸುವುದುಂಟು. ದೀಪದ ರಂಧ್ರವನ್ನು ಕತ್ತರಿಸುವುದು ಕಟ್ಟಕಡೆಗೆ.

ಹಲಗೆಗೆ ಅಂಟಿದ ಬಟ್ಟೆ

ಅನಂತರದ ಕಾಲದ ಕಾರುಗಳಲ್ಲಿ ಅಚ್ಚೊತ್ತಿದ ಹಗುರವಾದ ಹಲಗೆಯೊಂದಕ್ಕೆ ಬಟ್ಟೆಯನ್ನು ಅಂಟಿಸುವ ಪದ್ಧತಿ ಬಂದಿತು. ಇವೆರಡರ ನಡುವೆ ಸ್ಪಂಜಿನ ತೆಳುವಾದ ಪದರವಿರುತ್ತದೆ. ವರ್ಷಗಳ ಕಾವಿಗೂ ತೇವಕ್ಕೂ ಈ ಸ್ಪಂಜು ಜೀರ್ಣಿಸಿ, ಮುಟ್ಟಿದರೆ ಪುಡಿಯಾಗುತ್ತದೆ. ಬಟ್ಟೆಯ ಮೇಲಿನಿಂದ ಎಷ್ಟು ಅಂಟು ಸುರಿದರೂ ಅದು ಹಿಡಿಯುವುದು ಆ ಪುಡಿಯನ್ನೇ. ಆದುದರಿಂದಲೇ ತೇಪೆಯ ಕೆಲಸ ನಿಲ್ಲುವುದಿಲ್ಲ.

ಹಲಗೆಯನ್ನು ಮುರಿಯದಂತೆ ಹೊರತೆಗೆದು ಸ್ಪಂಜಿನ ಶೇಷವನ್ನೆಲ್ಲ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಆ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ, ಮೂಗಿಗೆ ಮುಸುಕು ಅವಶ್ಯ. ಹಲಗೆ ಬಿರುಕು ಬಿಟ್ಟಿದ್ದರೆ ಅದನ್ನು ಬಲಪಡಿಸುವ ಸಮಯವೂ ಇದೇ: ಬೆನ್ನಿನ ಕಡೆಗೆ ಗಾಜಿನ ನಾರಿನ ಬಟ್ಟೆಯನ್ನು ರೆಸಿನ್ನಿನಿಂದ ಕೂಡಿಸಿದರೆ ಹಲಗೆಗೆ ಮತ್ತೆ ಬಿಗಿತನ ಬರುತ್ತದೆ. ಲೇಪ ದಪ್ಪವಾಗಬಾರದು, ಭಾರ ಹೆಚ್ಚುತ್ತದೆ. ಬಳಿಕ ಸ್ಪಂಜುಸಹಿತವಾದ ಹೊಸ ಬಟ್ಟೆಗೂ ಹಲಗೆಗೂ ಅಂಟು ಹಚ್ಚಿ, ಅದು ಬೆರಳಿಗೆ ಅರೆಯೊಣಗಿದಂತೆ ತೋರಿದಾಗ ನಡುವಿನಿಂದ ಅಂಚಿಗೆ ಅಂಗೈಯಿಂದ ಸವರುತ್ತಾ ಹೋಗಬೇಕು. ಸಾಧಾರಣ ಅಂಟು ಇಲ್ಲಿ ಸಲ್ಲದು. ಬೇಸಗೆಯ ಬಿಸಿಲಲ್ಲಿ ನಿಂತ ಗಾಢಬಣ್ಣದ ಕಾರಿನ ತಗಡು 70 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯುವುದುಂಟು. ಅಂಟು ಆ ಕಾವನ್ನು ತಾಳಬೇಕು. ಇಂಥ ಅಂಟುಗಳ ಆವಿಗೆ ಬೆಂಕಿ ಬೇಗ ತಗಲುವುದರಿಂದ ಗಾಳಿಯಾಡುವ ಸ್ಥಳದಲ್ಲಿ, ಬೀಡಿ-ದೀಪಗಳಿಂದ ದೂರವಾಗಿ ಕೆಲಸ ನಡೆಯಬೇಕು.

ಹಳೆಯ ಬಟ್ಟೆಯ ಬೆಲೆ

ಪ್ರೀಮಿಯರ್ ಪದ್ಮಿನಿಯ ತಯಾರಿಕೆ ನಿಂತು ಎರಡು ದಶಕಗಳು ಕಳೆದಿವೆ. 2023ರ ಅಕ್ಟೋಬರಿನಲ್ಲಿ ಅದು ಮುಂಬಯಿಯ ಟ್ಯಾಕ್ಸಿಗಳ ಸಾಲಿನಿಂದಲೂ ಮರೆಯಾಯಿತು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ತಂದೆ-ತಾತಂದಿರ ಕಾಲದ ಇಂಥ ಕಾರನ್ನು ಉಳಿಸಿಕೊಂಡ ಮನೆಗಳಿಗೆ ಕಾರ್ಖಾನೆಯಿಂದ ಹೊಸ ಒಳಛಾವಣಿ ಬರುವಂತಿಲ್ಲ. ಕೀಳಲ್ಪಟ್ಟ ಹಳೆಯ ಬಟ್ಟೆಯೇ ಹೊಸದಕ್ಕೆ ಅಳತೆ. ಹೊಲಿಗೆಗಳನ್ನು ಒಂದೊಂದಾಗಿ ಬಿಡಿಸಿ, ತುಂಡುಗಳನ್ನು ಹೊಸ ಬಟ್ಟೆಯ ಮೇಲೆ ಹರಡಿ ಕತ್ತರಿಸುವ ಕುಶಲಿಗೆ ಹರಿದ ಚಿಂದಿಯೂ ಬೇಕು. ಅದನ್ನು ಕಸಕ್ಕೆ ಎಸೆದರೆ ಆ ಕಾರಿನ ಅಳತೆಯೇ ಕಳೆದುಹೋದಂತೆ.

ಕಾರನ್ನು ಕೆಲಸಕ್ಕೆ ಒಪ್ಪಿಸುವ ಮುನ್ನ ಮನೆಯವರು ಮೂರು ಮಾತು ಕೇಳಿಕೊಳ್ಳುವುದು ಹಿತ. ಬಟ್ಟೆ ಬಿಚ್ಚಿದ ಮೇಲೆ ಬೀಡಿಂಗಿನ ಮೇಲೆ ನೀರು ಸುರಿದು ಸೋರಿಕೆಯನ್ನು ಪರೀಕ್ಷಿಸುವರೇ? ಅಂಟು ಬೇಸಗೆಯ ಕಾವಿಗೆ ತಾಳುವಂಥದೇ? ಹಳೆಯ ಬಟ್ಟೆಯನ್ನು ಹಿಂದಿರುಗಿಸುವರೇ? ಮೂರಕ್ಕೂ ನೇರ ಉತ್ತರ ದೊರೆತಲ್ಲಿ ಕಾರಿನ ಬೀಗದ ಕೈಯನ್ನು ನಿಶ್ಚಿಂತೆಯಿಂದ ಕೊಡಬಹುದು.