ನೆಲ ಡೊಂಕೇ? ಅಳತೆ ಹಿಡಿದು ನೋಡಿ!

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಆದರೆ ನೆಲ ನಿಜವಾಗಿಯೂ ಡೊಂಕಾಗಿದ್ದರೆ? ಮಳೆಗಾಲದಲ್ಲಿ ಹುಮನಾಬಾದ್, ಬಸವಕಲ್ಯಾಣದ ಪಡಸಾಲೆಗಳಲ್ಲಿ ಮುತ್ಯಾನ ಜೊತೆ ಕೇರಂ ಆಡುವ ಮಕ್ಕಳಿಗೆ ಇದು ಗೊತ್ತು. ಥಂಡಿ ಹಿಡಿದ ಹಲಗೆಯ ಮೇಲೆ ಕಾಯಿ ಓಡುವುದಿಲ್ಲ. ಪೌಡರ್ ಉದುರಿಸಿದರೆ ಸರ್ರನೆ ಓಡುತ್ತದೆ.

1875ರಲ್ಲಿ ನಮ್ಮ ದೇಶದ ಜಬಲ್ಪುರದಲ್ಲಿ ಹುಟ್ಟಿದ ಸ್ನೂಕರ್ ಆಟದಲ್ಲಿ ಪೌಡರ್ ಉದುರಿಸುವಂತಿಲ್ಲ. ಸುಮಾರು 12 ಅಡಿ ಉದ್ದದ ಆ ಟೇಬಲ್ಲಿನ ಮೇಲೆ ಸ್ಲೇಟ್ ಕಲ್ಲಿನ ಹಾಸು, ಅದರ ಮೇಲೆ ಉಣ್ಣೆಯ ಹಸಿರು ಬಟ್ಟೆ ಇರುತ್ತವೆ. ಬಟ್ಟೆಗೆ ತೇವ ತಾಗಿದರೆ ಚೆಂಡಿನ ಓಟ ಕುಗ್ಗುತ್ತದೆ. ಅದಕ್ಕೇ ದೊಡ್ಡ ಪಂದ್ಯಗಳಲ್ಲಿ ಕಲ್ಲನ್ನು ಕೆಳಗಿನಿಂದ ಬೆಚ್ಚಗೆ ಇಡುತ್ತಾರೆ.

ಕರುವಿನ ಬೆನ್ನು ಸವರಿ ನೋಡಿದ್ದೀರಲ್ಲ? ಒಂದು ಕಡೆಗೆ ನುಣುಪು, ಎದುರು ಕಡೆಗೆ ಒರಟು. ಈ ಬಟ್ಟೆಯ ರೋಮವೂ ಹಾಗೆಯೇ. ಮೆಲ್ಲಗೆ ಉರುಳುವ ಚೆಂಡನ್ನು ಅದು ಕೊಂಚ ಪಕ್ಕಕ್ಕೆ ಎಳೆಯುತ್ತದೆ. 2003ರಲ್ಲಿ, 18ನೇ ವಯಸ್ಸಿಗೇ ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪಟ್ಟ ಗೆದ್ದ ಬೆಂಗಳೂರಿನ ಪಂಕಜ್ ಅಡ್ವಾಣಿಯಂಥವರೂ ಹೊಸ ಊರಿಗೆ ಹೋದಾಗ ಮೊದಲು ಟೇಬಲ್ಲಿನ ಗುಣ ಅರಿಯಬೇಕು.

ಇನ್ನು ಪಾಕೆಟ್. ಚೆಂಡಿನ ಅಡ್ಡಳತೆ 52.5 ಮಿಲಿಮೀಟರ್. ಮೂಲೆಯ ಪಾಕೆಟ್ಟಿನ ಬಾಯಿ ಸುಮಾರು ಮೂರೂವರೆ ಇಂಚು. ಎರಡೂ ಬದಿ ಸೇರಿ ಉಳಿಯುವ ಎಡೆ ಎರಡು ಬೆರಳಿನಷ್ಟು. ಬಾಯಿ ತುಸು ಅಗಲವಾದರೂ, ಅಂಚು ತುಸು ಹೆಚ್ಚು ದುಂಡಾದರೂ ತಪ್ಪಿದ ಹೊಡೆತ ಒಳಗೆ ಬೀಳುತ್ತದೆ. ಹಾಗಾಗಿ ವೃತ್ತಿಪರ ಪಂದ್ಯಗಳಲ್ಲಿ ಅಚ್ಚು ಇಟ್ಟು ಪಾಕೆಟ್ ಪರೀಕ್ಷಿಸುತ್ತಾರೆ.

ಈ ಅಚ್ಚಿನ ಬೆಲೆ ಎಷ್ಟು? ಇಂಗ್ಲೆಂಡಿನ ಜಾನ್ ಸ್ಪೆನ್ಸರ್ ಅವರನ್ನು ನೆನೆಯಬೇಕು. ಮೂರು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಅವರು 1979ರಲ್ಲಿ ಒಂದೇ ಸರದಿಯಲ್ಲಿ 147 ಅಂಕ ಗಳಿಸಿದರು. 15 ಸಲ ಕೆಂಪು, ಪ್ರತಿ ಸಲವೂ ಅದರ ಬೆನ್ನಿಗೆ ಕಪ್ಪು: 120. ಉಳಿದ ಆರು ಬಣ್ಣಗಳಿಂದ 27. ಪೂರ್ತಿ ಅಂಕ! ಆದರೆ ಆ ಟೇಬಲ್ಲಿನ ಪಾಕೆಟ್ಟುಗಳು ನಿಗದಿತ ಅಳತೆಗಿಂತ ದೊಡ್ಡವಾಗಿದ್ದವು. ದಾಖಲೆ ಸಿಗಲಿಲ್ಲ. ಟಿವಿಯವರು ವಿರಾಮಕ್ಕೆ ಹೋಗಿದ್ದರಿಂದ ಚಿತ್ರವೂ ಉಳಿಯಲಿಲ್ಲ.

1982ರ ಜನವರಿ 11ರಂದು ಸ್ಟೀವ್ ಡೇವಿಸ್ ಸರಿಯಾದ ಟೇಬಲ್ಲಿನಲ್ಲಿ 147 ಗಳಿಸಿದರು. ಪಂದ್ಯಾವಳಿಯಲ್ಲಿ ಮಾನ್ಯತೆ ಪಡೆದ ಮೊದಲ 147 ಅದೇ. ಎದುರಾಳಿಯಾಗಿ ಕುಳಿತು ನೋಡುತ್ತಿದ್ದವರು ಯಾರು ಗೊತ್ತೇ? ಅದೇ ಜಾನ್ ಸ್ಪೆನ್ಸರ್!

ಮಕ್ಕಳೇ, ಮುಂದಿನ ಭಾನುವಾರ ಕೇರಂ ಹಲಗೆಯ ನಡುವೆ ಒಂದು ಗೋಲಿ ಇಟ್ಟು ನೋಡಿ. ಅದು ತಾನಾಗಿಯೇ ಉರುಳಿದರೆ ಆ ಬದಿಗೆ ಮಡಿಚಿದ ಕಾಗದ ಕೊಡಿ. ಆಮೇಲೆ ಸೋತರೆ ಮುತ್ಯಾನೂ ನೆಲ ಡೊಂಕು ಎನ್ನುವಂತಿಲ್ಲ!