ಗೊಂಪಾದ ಗೋಡೆ, ಮಂಜಿನ ಗೋಲು

ಬೇಸಿಗೆ ಬಂತೆಂದರೆ ನೂರ್ ಜಹಾನ್ ಲಡಾಖ್‌ನ ಬೌದ್ಧ ಗೊಂಪಾಗಳ ಒಳಗಿರುತ್ತಾರೆ. ಬೆಣ್ಣೆದೀಪದ ಮಸಿ ಕೂತ ಭಿತ್ತಿಚಿತ್ರಗಳನ್ನು ಅಂಗುಲ ಅಂಗುಲವಾಗಿ ಶುಚಿ ಮಾಡುವುದು, ಗೋಡೆ ಬಿಟ್ಟ ಮಣ್ಣಿನ ಗಿಲಾವನ್ನು ಮತ್ತೆ ಕೂರಿಸುವುದು ಅವರ ವೃತ್ತಿ. ಸೋದರ ಸಂಬಂಧಿ ವಜೀದಾ ತಬಸ್ಸುಮ್ ಜತೆ ಲೇಹ್‌ನಲ್ಲಿ ಕಟ್ಟಿದ ‘ಶೆಸ್ರಿಗ್ ಲಡಾಖ್’ ಸಂಸ್ಥೆ ಇರುವುದೇ ಇದಕ್ಕೆ. ಮುಸ್ಲಿಂ ಮನೆತನದ ಇಬ್ಬರು ಹೆಣ್ಣುಮಕ್ಕಳು ಬುದ್ಧನ ಚಿತ್ರಗಳನ್ನು ಉಳಿಸುತ್ತಿದ್ದಾರೆ ಎಂಬುದೊಂದೇ ನನ್ನನ್ನು ಈ ಕಥೆಗೆ ಎಳೆದು ತಂದದ್ದು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಗಿಲಾವಿನ ಕೆಲಸ ನಿಲ್ಲುತ್ತದೆ. ಆಗ ನೂರ್ ಕಾಲಿಗೆ ದಪ್ಪ ಪ್ಯಾಡು ಕಟ್ಟಿ, ಮುಖಕ್ಕೆ ಜಾಲರಿ ಹಾಕಿಕೊಂಡು ಗೋಲಿನ ಮುಂದೆ ನಿಂತರು. ಭಾರತದ ಮಹಿಳಾ ಐಸ್ ಹಾಕಿ ತಂಡದ ಮೊದಲ ತಲೆಮಾರಿನ ಗೋಲ್‌ಕೀಪರ್ ಅವರು.

ತುಮಕೂರು ಬಳಿಯ ನಮ್ಮ ವಸಂತನರಸಾಪುರದಲ್ಲಿ ನೀರು ಹೆಪ್ಪುಗಟ್ಟಿಸುವ ಅಂಥ ಕೊರೆವ ಚಳಿ ಇರುವುದು 2014ರಲ್ಲಿ ಉದ್ಘಾಟನೆಯಾದ ಫುಡ್ ಪಾರ್ಕಿನ ಕೋಲ್ಡ್ ಸ್ಟೋರೇಜಿನಲ್ಲಿ. ಯಂತ್ರ ಅದನ್ನು ವರ್ಷವಿಡೀ ಕೊಡುತ್ತದೆ. ಲೇಹ್‌ನ ಹುಡುಗಿಯರಿಗೆ ಪ್ರಕೃತಿ ಕೊಡುವುದು ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಸುಮಾರು ಎರಡು ತಿಂಗಳು ಮಾತ್ರ. ಆಟದ ಅಂಕಣಕ್ಕೆಂದು ರಾತ್ರಿ ಬಯಲಿಗೆ ತೆಳುವಾಗಿ ನೀರು ಹಾಯಿಸುತ್ತಾರೆ, ಹೆಪ್ಪುಗಟ್ಟಿದ ಮೇಲೆ ಇನ್ನೊಂದು ಪದರ. ಹಿಮ ಬಿದ್ದರೆ ಗುಡಿಸಬೇಕು, ಬಿಸಿಲೇರಿದರೆ ಮೇಲ್ಮೈ ಕರಗುತ್ತದೆ.

ಅಲ್ಲಿ ಈ ಆಟವನ್ನು ಬೆಳೆಸಿದವರು ಸೈನಿಕರು. ಹಳೆಯ ಬೂಟಿಗೆ ಕಬ್ಬಿಣದ ಪಟ್ಟಿ ಬಡಿದು ಜಾರಿದವರ ಕಥೆಗಳು ಇಂದಿಗೂ ಉಳಿದಿವೆ. ಹುಡುಗಿಯರ ಸರದಿ ಬಂದಾಗ ಸಿಕ್ಕಿದ್ದು ಎರವಲು ಸಾಮಗ್ರಿ. 2016ರಲ್ಲಿ ಜನರಿಂದ ಹಣ ಕೂಡಿಸಿ ತೈಪೆಯ ಏಷ್ಯಾ ಚಾಲೆಂಜ್ ಕಪ್‌ಗೆ ಹೋದರು; ಒಂದು ಪಂದ್ಯವೂ ದಕ್ಕಲಿಲ್ಲ. ಮರುವರ್ಷ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ಎದುರು 4–3ರಿಂದ ಮೊದಲ ಗೆಲುವು. 2018ರಲ್ಲಿ ಕೆನಡಾದ ಒಲಿಂಪಿಕ್ ಚಾಂಪಿಯನ್ ಹೇಲಿ ವಿಕೆನ್‌ಹೈಸರ್ ಲೇಹ್‌ಗೇ ಬಂದು ಹೇಳಿಕೊಟ್ಟರು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ತ್ಸೆವಾಂಗ್ ಚುಸ್ಕಿತ್ ನಾಯಕತ್ವದ ತಂಡ ಕಂಚು ಗೆದ್ದಿತು. ನಮ್ಮ ಪತ್ರಿಕೆಗಳ ಕ್ರೀಡಾಪುಟಗಳು ಅದಕ್ಕೆ ಇನ್ನಷ್ಟು ಜಾಗ ಕೊಡಬೇಕಿತ್ತು.

ದೇಶದಲ್ಲಿ ಒಳ್ಳೆಯ ಒಳಾಂಗಣ ರಿಂಕ್ ಇರಲಿಲ್ಲ ಎಂದಲ್ಲ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಡೆಹ್ರಾಡೂನ್‌ನಲ್ಲಿ ಕಟ್ಟಿದ ಐಸ್ ರಿಂಕ್ ಕೂಟ ಮುಗಿದ ಮೇಲೆ ಹಲವು ವರ್ಷ ಮುಚ್ಚಿಯೇ ಇತ್ತು. ಈಗ ಮತ್ತೆ ತೆರೆದಿದೆ. ಅಷ್ಟರಲ್ಲಿ ಕೆರೆಯ ಮಂಜಿನ ಮೇಲೆ ಸ್ಟಿಕ್ ಹಿಡಿಯಲು ಕಲಿತ ಎಷ್ಟೋ ಹುಡುಗಿಯರ ಆಡುವ ವಯಸ್ಸು ಕಳೆದಿತ್ತು.