ಕಿವಿಯಲ್ಲಿ ನುಡಿಯುವ ಮಾರ್ಗದರ್ಶಿ

ಮಸ್ಕಿಯ ಗುಡ್ಡದಲ್ಲಿರುವ ಅಶೋಕನ ಶಾಸನವನ್ನು ತೋರಿಸುವದಕ್ಕೆಂದು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದ ಉಪಾಧ್ಯಾಯರೆಲ್ಲರೂ ಒಂದು ಸಂಕಟವನ್ನು ಅನುಭವಿಸಿಯೇ ಇರುವರು. ಮುಂದಿನ ಸಾಲಿನ ಮಕ್ಕಳಿಗೆ ಬಂಡೆಯು ಕಾಣುವದು, ಮಾತೂ ಕೇಳುವದು. ಹಿಂದಿನವರಿಗೆ ಬಂಡೆಯೂ ಇಲ್ಲ, ಮಾತೂ ಇಲ್ಲ. ಮಾಸ್ತರನು ಗಂಟಲು ಒಣಗುವವರೆಗೆ ಕೂಗಿ, ಮುಂದಿನವರನ್ನು ಹಿಂದಕ್ಕೂ ಹಿಂದಿನವರನ್ನು ಮುಂದಕ್ಕೂ ಕಳುಹಿಸಿ, ಹೇಳಿದ್ದನ್ನೇ ಮತ್ತೆ ಹೇಳಬೇಕಾಗುವದು. ಮಟಮಾರಿಯ ಹುಡುಗರೊಂದಿಗೆ ಈ ಲೇಖಕನು ಇದನ್ನು ಅನೇಕ ವರ್ಷ ಮಾಡಿದ್ದಾನೆ. ಮೂರನೆಯ ಸಲ ಹೇಳುವಾಗ ಚಕ್ರವರ್ತಿಯ ಕೀರ್ತಿಗಿಂತಲೂ ಒಂದು ತಂಬಿಗೆ ನೀರಿನ ಮೇಲೆಯೇ ಮನಸ್ಸು ಹೋಗುತ್ತಿತ್ತೆಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ.

ಆದರೆ ಹೇಳದೆ ಬಿಡುವಂತೆಯೂ ಇಲ್ಲ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರರಾದ ಬೀಡನ್ ಎಂಬವರ ಕಣ್ಣಿಗೆ ಬಿದ್ದ ಈ ಬಂಡೆಯ ಮೇಲೆ ‘ಅಸೋಕ’ ಎಂಬ ಹೆಸರೇ ಬ್ರಾಹ್ಮೀ ಲಿಪಿಯಲ್ಲಿ ಕೆತ್ತಲ್ಪಟ್ಟಿದೆ. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪಿಯ’, ‘ಪಿಯದಸಿ’ ಎಂಬ ಬಿರುದುಗಳಿದ್ದುವೇ ಹೊರತು ಹೆಸರಿರಲಿಲ್ಲ. ಆ ಬಿರುದುಗಳ ಅರಸನು ಅಶೋಕನೇ ಎಂಬದನ್ನು ವಿದ್ವಾಂಸರು ಸಿಂಹಳದ ಪುರಾತನ ಗ್ರಂಥಗಳ ಬಲದಿಂದ ನಿರ್ಣಯಿಸಿದ್ದರು. ಆ ನಿರ್ಣಯಕ್ಕೆ ಕಲ್ಲಿನ ಸಾಕ್ಷಿಯು ದೊರೆತದ್ದು ನಮ್ಮ ರಾಯಚೂರು ಜಿಲ್ಲೆಯಲ್ಲಿ. ಇಷ್ಟನ್ನು ಹೇಳುವವರಿಲ್ಲದಿದ್ದರೆ ನೋಡುವವನ ಪಾಲಿಗೆ ಅದು ಗೀರುಗಳುಳ್ಳ ಒಂದು ಬಂಡೆ ಮಾತ್ರ.

ಇಂಥ ಸ್ಥಳಗಳಲ್ಲಿಯೂ ವಸ್ತುಪ್ರದರ್ಶನಗಳಲ್ಲಿಯೂ ಕೂಗಾಟವಿಲ್ಲದೆ ಪ್ರತಿಯೊಬ್ಬನ ಕಿವಿಯಲ್ಲಿಯೇ ವಿವರಣೆಯನ್ನು ನುಡಿಯುವ ಒಂದು ಸಾಧನವುಂಟು. ಜನರು ಅದನ್ನು ‘ಆಡಿಯೋ ಗೈಡ್’ ಎನ್ನುವರು. ನಾವು ಅದನ್ನು ಶ್ರವಣ ಮಾರ್ಗದರ್ಶಿ ಎನ್ನಬಹುದು. ಅದು ಹೇಗೆ ಕೆಲಸ ಮಾಡುತ್ತದೆ, ಒಂದು ಸಂಸ್ಥೆಯವರು ಅದನ್ನು ಏರ್ಪಡಿಸಬೇಕಾದರೆ ಯಾವ ಸಂಗತಿಗಳನ್ನು ಗಮನಿಸಬೇಕು ಎಂಬದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶ.

ತಂತಿಯಿಲ್ಲದೆ ಬರುವ ದನಿ ಕನ್ನಡಿಗರಿಗೆ ಹೊಸತಲ್ಲ. 1935ನೆಯ ಇಸವಿ ಸಪ್ಟಂಬರ 10ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ದೇಶದ ಬಾನುಲಿಗೆಲ್ಲ ಅದು ಆಮೇಲೆ ಸಂದಿತು. ಇದೇ ವಿದ್ಯೆಯನ್ನು ಒಂದು ಕಟ್ಟಡದೊಳಗೆ ಅಡಕಮಾಡಿ ಪ್ರದರ್ಶನಕ್ಕೆ ಉಪಯೋಗಿಸಿದವರು ಹಾಲೆಂಡಿನವರು. 1952ರಲ್ಲಿ ಆಮ್‌ಸ್ಟರ್‌ಡಾಮಿನ ಸ್ಟೆಡೆಲಿಕ್ ಸಂಗ್ರಹಾಲಯದಲ್ಲಿ ಧ್ವನಿಸುರುಳಿಯ ಮೇಲಿನ ಉಪನ್ಯಾಸವನ್ನು ಹ್ರಸ್ವತರಂಗಗಳ ಮೂಲಕ ಕೋಣೆಗಳೊಳಗೆ ಮಾತ್ರ ಪ್ರಸಾರಮಾಡಿದರು. ಪ್ರೇಕ್ಷಕರು ಕೈಯಲ್ಲಿ ಸಣ್ಣ ಗ್ರಾಹಕವನ್ನು ಹಿಡಿದು ಕಿವಿಗೊಟ್ಟು ಕೇಳಿದರು. ಆದರೆ ಸುರುಳಿಯು ಒಂದೇ ಆದುದರಿಂದ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಚಿತ್ರದ ಮುಂದೆ ನಿಲ್ಲಬೇಕಾಗಿತ್ತು, ಹಿಂದುಳಿದವನಿಗೆ ಕಾಯುವವರಿರಲಿಲ್ಲ. ಮುಂದೆ ಕೈಯಲ್ಲಿ ಹಿಡಿಯುವ ಕ್ಯಾಸೆಟ್ ಯಂತ್ರಗಳೂ, ಆಮೇಲೆ ಸಂಖ್ಯೆಯನ್ನು ಒತ್ತಿದರೆ ಬೇಕಾದ ಭಾಗವನ್ನೇ ನುಡಿಯುವ ಯಂತ್ರಗಳೂ ಬಂದು ಈ ಬಂಧನವು ತಪ್ಪಿತು.

ಈಗ ಬಳಕೆಯಲ್ಲಿರುವ ಪದ್ಧತಿಗಳನ್ನು ಸ್ಥೂಲವಾಗಿ ಮೂರು ಬಗೆಯೆನ್ನಬಹುದು. ಮೊದಲನೆಯದರಲ್ಲಿ ಜೀವಂತ ಮಾರ್ಗದರ್ಶಿಯೊಬ್ಬನು ಕೊರಳಲ್ಲಿ ಪ್ರೇಷಕವನ್ನು ತೂಗಹಾಕಿಕೊಂಡು ಮೆಲ್ಲನೆ ಮಾತನಾಡುವನು. ಅವನ ಗುಂಪಿನವರೆಲ್ಲರ ಗ್ರಾಹಕಗಳಲ್ಲಿ ಅದು ಕೇಳಿಸುವದು. ಶಾಲೆಯ ಮಕ್ಕಳಿಗೆ ಇದೇ ಉತ್ತಮ, ಏಕೆಂದರೆ ಮಕ್ಕಳು ಪ್ರಶ್ನೆ ಕೇಳಬಲ್ಲರು. ಎರಡನೆಯದರಲ್ಲಿ ವಿವರಣೆಯೆಲ್ಲ ಯಂತ್ರದೊಳಗೇ ಇರುವದು. ವಸ್ತುವಿನ ಬಳಿ ಬರೆದ ಸಂಖ್ಯೆಯನ್ನು ಪ್ರೇಕ್ಷಕನು ಒತ್ತಬೇಕು. ಅಥವಾ ಅಲ್ಲಿ ಇಟ್ಟಿರುವ ಪುಟ್ಟ ಸಂಕೇತಕವು ಯಂತ್ರವನ್ನು ತಾನಾಗಿ ನುಡಿಸುವದು. ಮೂರನೆಯದರಲ್ಲಿ ಪ್ರೇಕ್ಷಕನ ಮೊಬೈಲೇ ಯಂತ್ರ. ಚೌಕುಳಿ ಚಿಹ್ನೆಯಂಥ ಕ್ಯೂಆರ್ ಕೋಡನ್ನು ಅದರ ಕ್ಯಾಮರಾಕ್ಕೆ ತೋರಿಸಿದರೆ ವಿವರಣೆಯು ತೆರೆದುಕೊಳ್ಳುವದು. ಅಂತರ್ಜಾಲವು ಸಿಕ್ಕದ ಕಡೆ ಒಂದು ವೈಫೈ ಪೆಟ್ಟಿಗೆಯಲ್ಲಿಯೇ ಧ್ವನಿಯನ್ನೆಲ್ಲ ತುಂಬಿಟ್ಟು ಹತ್ತಿರದವರಿಗೆ ಒದಗಿಸಬಹುದು.

ಯಾವ ಅಲೆಗಳನ್ನು ಬಳಸಬೇಕೆಂಬದಕ್ಕೆ ಕಾನೂನುಂಟು. ರೇಡಿಯೋದಲ್ಲಿ ಕೇಳುವ 88ರಿಂದ 108 ಮೆಗಾಹರ್ಟ್ಸಿನ ಎಫ್‌ಎಂ ಪಟ್ಟಿಯಲ್ಲಿ ಪರವಾನಿಗೆಯಿಲ್ಲದೆ ಯಾರೂ ಪ್ರಸಾರಮಾಡುವಂತಿಲ್ಲ. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸಿನ ಪಟ್ಟಿಯನ್ನೂ 2.4 ಗಿಗಾಹರ್ಟ್ಸಿನ ಪಟ್ಟಿಯನ್ನೂ ನಿಯಮಿತ ಶಕ್ತಿಯೊಳಗೆ ಪರವಾನಿಗೆಯಿಲ್ಲದೆ ಬಳಸಬಹುದು. ಇವೆರಡರಲ್ಲಿ ಎರಡನೆಯದನ್ನು ಮನುಷ್ಯರ ಶರೀರವೂ ದಪ್ಪ ಗೋಡೆಗಳೂ ಹೆಚ್ಚಾಗಿ ಹೀರಿಕೊಳ್ಳುವವು. ಮೊದಲನೆಯದು ಜನಸಂದಣಿಯೊಳಗಿಂದ ಸುಲಭವಾಗಿ ಹಾಯುವದು. ಸಂಕೇತಕಗಳಲ್ಲಿ ಅವರಕ್ತ ಕಿರಣಗಳನ್ನು ಬಳಸುವ ಬಗೆಯೂ ಉಂಟು. ಅದು ಮನೆಯೊಳಗೆ ಒಳ್ಳೆಯದು, ಬಯಲಿನಲ್ಲಿ ಬೇಡ. ಸೂರ್ಯನ ಬೆಳಕಿನಲ್ಲಿಯೇ ಆ ಕಿರಣಗಳು ಹೇರಳವಾಗಿರುವದರಿಂದ ನಮ್ಮ ಸೀಮೆಯ ಬಿಸಿಲಿನಲ್ಲಿ ಸಂಕೇತವು ಮುಳುಗಿಹೋಗುವದು. ಎರಡು ಸಂಕೇತಕಗಳನ್ನು ತೀರ ಹತ್ತಿರ ಇಟ್ಟರೆ ಯಂತ್ರವು ಒಂದರ ಮಾತನ್ನು ಅರ್ಧಕ್ಕೆ ಬಿಟ್ಟು ಇನ್ನೊಂದನ್ನು ಹಿಡಿಯುವದೆಂಬದನ್ನೂ ಮರೆಯಬಾರದು.

ಯಂತ್ರದ ವಿಚಾರವು ಇಷ್ಟು. ಆದರೆ ಯಂತ್ರವು ಸರಿಯಾಗಿ ನುಡಿದ ಮಾತ್ರಕ್ಕೆ ಕಾರ್ಯವು ಸರಿಯಾಯಿತೆಂದು ತಿಳಿಯತಕ್ಕದ್ದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಪಟ್ಟಣದ ಪ್ರದರ್ಶನದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಮೊಮ್ಮಗನ ಕೈಹಿಡಿದು ಬಂದಿದ್ದ ನಮ್ಮ ಕಡೆಯ ಒಬ್ಬ ಅಜ್ಜಿಗೂ ಬಾಗಿಲಲ್ಲಿ ಒಂದು ಯಂತ್ರವನ್ನು ಕೊಟ್ಟಿದ್ದರು. ಆಕೆಗೆ ಓದು ಬಾರದು. ಹುಡುಗನು ಸಂಖ್ಯೆಯನ್ನು ಒತ್ತುತ್ತಿದ್ದನು. ಒಂದು ನಿಂತ ವಿಗ್ರಹದ ಮುಂದೆ ಆಕೆ ಬಹಳ ಹೊತ್ತು ಕೈಮುಗಿದು ನಿಂತಿದ್ದು, ಬಳಿಕ ನನ್ನ ಕಡೆಗೆ ತಿರುಗಿ, “ಯಪ್ಪಾ, ನಾರಾಯಣ ದೇವರು, ನಾಕು ಕೈ ಅಂತ ಕಿವ್ಯಾಗ ಹೇಳಾಕತ್ತೈತಿ. ನನಗ ಎರಡ ಕಾಣ್ತಾವ. ನನ್ನ ಕಣ್ಣ ಮಂಜಾಗ್ಯಾವೇನ?” ಎಂದು ಕೇಳಿದಳು.

ಆಕೆಯ ಕಣ್ಣು ಸರಿಯಾಗಿಯೇ ಇದ್ದಿತು. ಎದುರಿಗಿದ್ದದ್ದು ಜಿನಮೂರ್ತಿ. ಹಿಂದಿನ ದಿನ ಯಾರೋ ವಿಗ್ರಹಗಳ ಸ್ಥಾನವನ್ನು ಬದಲಿಸಿದ್ದರು. ಸಂಖ್ಯೆಯ ಚೀಟಿಗಳು ಮಾತ್ರ ಹಳೆಯ ಜಾಗದಲ್ಲಿಯೇ ಉಳಿದಿದ್ದುವು. ನಾನು ಸಂಗತಿಯನ್ನು ತಿಳಿಸಿದೆನು. ಆಕೆ ನಕ್ಕು, “ಹೋಗ್ಲಿ ಬಿಡಪಾ, ಯಾವ ದೇವರಾದ್ರೇನು, ಕೈ ಮುಗದದ್ದು ಹಾಳಾಗೂದಿಲ್ಲ” ಎಂದಳು. ಅದು ಆಕೆಯ ದೊಡ್ಡತನ. ಆದರೆ ನನ್ನ ಮನಸ್ಸು ಸಮಾಧಾನಗೊಳ್ಳಲಿಲ್ಲ. ಓದಬಲ್ಲವನು ಫಲಕವನ್ನು ನೋಡಿ ಯಂತ್ರದ ತಪ್ಪನ್ನು ಕಂಡುಹಿಡಿಯುವನು. ಓದಲಾರದವಳು ಯಂತ್ರವನ್ನು ನಂಬಿ ತನ್ನ ಕಣ್ಣನ್ನೇ ಸಂಶಯಿಸಿದಳು. ಯಾರಿಗಾಗಿ ಈ ಸಾಧನವು ಅತ್ಯಂತ ಉಪಯುಕ್ತವೋ ಅವರೇ ಇದರಿಂದ ಅತ್ಯಂತ ಸುಲಭವಾಗಿ ಮೋಸಹೋಗುವರು. ಆದುದರಿಂದ ಈ ಏರ್ಪಾಡಿನಲ್ಲಿ ಮೊದಲನೆಯ ಧರ್ಮವು ಯಂತ್ರವನ್ನು ಕೊಳ್ಳುವದಲ್ಲ. ಕೇಳುವವರ ನಂಬಿಕೆಯನ್ನು ಕಾಯುವದು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ರಾಯಚೂರಿನ ಕೋಟೆಯಲ್ಲಿ ಇಂಥದೊಂದನ್ನು ಏರ್ಪಡಿಸುವದಾದರೆ ಹೇಗೆ ಮಾಡಬೇಕೆಂದು ಆಲೋಚಿಸೋಣ. ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಅದರ ಮೇಲೆ 1294ರ ಶಾಸನವೂ, ಹತ್ತಿರದಲ್ಲಿ ಅಂಥ ಕಲ್ಲನ್ನು ಗಾಡಿಯ ಮೇಲೆ ಎಳೆದು ತರುವ ಕೆತ್ತನೆಯ ಚಿತ್ರವೂ ಇವೆ. ಇಲ್ಲಿ ವಿವರಣೆಯನ್ನು ಬರೆಯುವವನು ಕಾಕತೀಯರ ವಂಶಾವಳಿಯಿಂದ ಆರಂಭಿಸಬಾರದು. ಮೊದಲು ಪ್ರೇಕ್ಷಕನನ್ನು ಎಲ್ಲಿ ನಿಲ್ಲಬೇಕೆಂದು ಹೇಳಬೇಕು. “ಕಲ್ಲಿನ ಎಡತುದಿಯಿಂದ ಬಲತುದಿಯವರೆಗೆ ನಡೆದು ಹೆಜ್ಜೆಗಳನ್ನು ಎಣಿಸಿರಿ” ಎನ್ನಬೇಕು. ಆಮೇಲೆ ಚಿತ್ರದಲ್ಲಿ ಗಾಡಿಯನ್ನು ಎಳೆಯುವ ಪ್ರಾಣಿಗಳನ್ನು ತೋರಿಸಬೇಕು. ಇಷ್ಟು ನೋಡಿದವನು ‘ಇದನ್ನು ತಂದವರು ಯಾರು?’ ಎಂದು ತಾನಾಗಿ ಕೇಳುವನು. ಕಾಲವನ್ನೂ ಹೆಸರುಗಳನ್ನೂ ಹೇಳಲು ಅದೇ ಸಮಯ. 1520ರಲ್ಲಿ ಇದೇ ಕೋಟೆಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲಶಾಹನಿಗೂ ನಡೆದ ಯುದ್ಧದ ಸಂಗತಿಯನ್ನು ಇಲ್ಲಿಯೇ ತುರುಕದೆ, ಬಯಲು ಕಾಣುವ ಎತ್ತರದ ಸ್ಥಳಕ್ಕೆ ಮೀಸಲಿಡಬೇಕು. ಮಾತು ಕಣ್ಣನ್ನು ಕರೆದೊಯ್ಯಬೇಕೇ ಹೊರತು ಕಣ್ಣಿಗೆ ಅಡ್ಡ ನಿಲ್ಲಬಾರದು.

ಒಂದೊಂದು ನಿಲ್ದಾಣದಲ್ಲಿ ಎರಡು ನಿಮಿಷಗಳಿಗೆ ಮೀರಿ ಮಾತನಾಡತಕ್ಕದ್ದಲ್ಲ. ಬಿಸಿಲಿನಲ್ಲಿ ನಿಂತವನಿಗೆ ಅದಕ್ಕಿಂತ ಹೆಚ್ಚು ತಾಳ್ಮೆಯಿರದು. ಬರೆದದ್ದನ್ನು ಗಟ್ಟಿಯಾಗಿ ಓದಿ ಗಡಿಯಾರ ನೋಡಬೇಕು. ಓದುವಾಗ ಉಸಿರು ಸಾಲದ ವಾಕ್ಯವನ್ನು ಒಡೆಯಬೇಕು. ನನ್ನಂಥ ಸಂಸ್ಕೃತಾಭ್ಯಾಸಿಗಳು ಇಲ್ಲಿ ತಮ್ಮ ಸಮಾಸಪ್ರೀತಿಯನ್ನು ಬಿಡಬೇಕಾಗುವದು. ಪತ್ರಿಕೆಯ ವಾಚಕನು ತಿಳಿಯದ ಸಾಲನ್ನು ಮತ್ತೊಮ್ಮೆ ಓದಬಲ್ಲನು; ಕೇಳುವವನಿಗೆ ಆ ಅನುಕೂಲವಿಲ್ಲ. ದನಿಯನ್ನು ಆರಿಸುವದರಲ್ಲಿಯೂ ವಿವೇಕ ಬೇಕು. ಅಮೇರಿಕೆಯ ಅಲ್ಕಟ್ರಾಜ್ ದ್ವೀಪದ ಹಳೆಯ ಸೆರೆಮನೆಯಲ್ಲಿ 1987ರಿಂದ ಕೇಳಿಸುವ ವಿವರಣೆಯಲ್ಲಿ ಹಿಂದೆ ಅಲ್ಲಿ ಕಾವಲಿದ್ದವರ ಮತ್ತು ಸೆರೆಯಲ್ಲಿದ್ದವರ ದನಿಗಳನ್ನೇ ಸೇರಿಸಿದ್ದಾರೆ. ನಮ್ಮಲ್ಲಿಯೂ ಕಲ್ಲಿನ ವಿಷಯವನ್ನು ಒಬ್ಬ ಕಲ್ಲುಕುಟಿಗನು ತನ್ನ ಮಾತಿನಲ್ಲಿ ಹೇಳಿದರೆ ಎಷ್ಟು ಚೆನ್ನ! ಭಾಷೆಯ ವಿಷಯದಲ್ಲಿ ರಾಯಚೂರಿಗೆ ಕನ್ನಡವೊಂದೇ ಸಾಲದು. ತೆಲುಗು, ಉರ್ದು, ಇಂಗ್ಲಿಷುಗಳೂ ಬೇಕು. 12 ನಿಲ್ದಾಣ, ಎರಡೆರಡು ನಿಮಿಷ, ನಾಲ್ಕು ಭಾಷೆ ಎಂದರೆ 96 ನಿಮಿಷಗಳ ಧ್ವನಿ. ಮಾತಿನ ಧ್ವನಿಗೆ ನಿಮಿಷಕ್ಕೆ ಅರ್ಧ ಮೆಗಾಬೈಟ್ ಹಿಡಿದರೂ ಇದು 48 ಮೆಗಾಬೈಟ್ ಮಾತ್ರ. ಉಗುರಿನಷ್ಟು ಗಾತ್ರದ ಮೆಮರಿ ಕಾರ್ಡಿನ ಒಂದು ಮೂಲೆಗೂ ಸಾಲದು. ಆದುದರಿಂದ ಸ್ಥಳವಿಲ್ಲವೆಂದು ಯಾವ ಭಾಷೆಯನ್ನೂ ಬಿಡಲು ಕಾರಣವಿಲ್ಲ.

ಯಂತ್ರಗಳು ಎಷ್ಟು ಬೇಕೆಂಬ ಲೆಕ್ಕವು ಏಳನೆಯ ಇಯತ್ತೆಯ ಹುಡುಗನಿಗೂ ಸಾಧ್ಯ. ಜನದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 60 ಜನರು ಬಂದು, ಒಬ್ಬೊಬ್ಬರು ಯಂತ್ರವನ್ನು ಮುಕ್ಕಾಲು ಗಂಟೆ ಇಟ್ಟುಕೊಂಡರೆ, ಯಾವಾಗಲೂ 45 ಯಂತ್ರಗಳು ಹೊರಗಿರುವವು. ವಿದ್ಯುತ್ತು ತುಂಬುವದಕ್ಕೂ ದುರಸ್ತಿಗೂ ಐದರಲ್ಲೊಂದು ಪಾಲನ್ನು ಕೂಡಿಸಿದರೆ 54 ಆಯಿತು. ರಾತ್ರಿ ಎಲ್ಲವನ್ನೂ ಚಾರ್ಜಿಗೆ ಇಡಬೇಕು. ಕಿವಿಗೆ ತಾಗುವ ಭಾಗವನ್ನು ಪ್ರತಿಯೊಬ್ಬರು ಮರಳಿಸಿದ ಕೂಡಲೆ ಸ್ಪಿರಿಟಿನಿಂದ ಒರಸಬೇಕು. ಎರಡೂ ಕಿವಿಗಳನ್ನು ಮುಚ್ಚುವ ಉಪಕರಣಕ್ಕಿಂತ ಒಂದೇ ಕಿವಿಯದು ಮೇಲು. ತಾಯಿಗೆ ಮಗುವಿನ ಮಾತೂ ಕೇಳಿಸಬೇಕಷ್ಟೆ. ಶ್ರವಣಸಾಧನವನ್ನು ಧರಿಸುವ ಮಂದಶ್ರವಣರಿಗೆ ಕೊರಳಲ್ಲಿ ಹಾಕಿಕೊಳ್ಳುವ ತಂತಿಯ ಬಳೆ ದೊರೆಯುವದು. ಅದು ದನಿಯನ್ನು ಕಾಂತಶಕ್ತಿಯ ಮೂಲಕ ಅವರ ಸಾಧನಕ್ಕೆ ಮುಟ್ಟಿಸುವದು. ಇಂಥ ಕೆಲವನ್ನಾದರೂ ಇಟ್ಟಿರಬೇಕು.

ಎಲ್ಲಕ್ಕಿಂತಲೂ ಮುಖ್ಯವಾದದ್ದು ಪ್ರಾತಃಕಾಲದ ಪ್ರದಕ್ಷಿಣೆ. ಬಾಗಿಲು ತೆರೆಯುವ ಮೊದಲು ಒಬ್ಬನು ಒಂದು ಯಂತ್ರವನ್ನು ಹಿಡಿದು ಎಲ್ಲ ನಿಲ್ದಾಣಗಳನ್ನೂ ಸುತ್ತಿ, ಕಿವಿಯ ಮಾತೂ ಎದುರಿನ ವಸ್ತುವೂ ಒಂದೇ ಆಗಿವೆಯೇ ಎಂದು ಪರೀಕ್ಷಿಸಬೇಕು. ವಸ್ತುವನ್ನು ಸರಿಸುವ ಅಧಿಕಾರವುಳ್ಳವನೇ ಚೀಟಿಯನ್ನು ಬದಲಿಸುವ ಹೊಣೆಯನ್ನೂ ಹೊರಬೇಕು. ಇದಕ್ಕೆ ಹಣ ಬೇಡ. ಅರ್ಧ ಗಂಟೆಯ ಶ್ರದ್ಧೆ ಸಾಕು. ಆ ದಿನ ಅಷ್ಟು ಶ್ರದ್ಧೆಯಿದ್ದಿದ್ದರೆ ಅಜ್ಜಿಯು ತನ್ನ ಕಣ್ಣುಗಳನ್ನು ಸಂಶಯಿಸಬೇಕಾಗಿರಲಿಲ್ಲ.

ಕೊನೆಗೆ ಮತ್ತೆ ಅಶೋಕನ ಬಳಿಗೆ ಬರೋಣ. ಮಸ್ಕಿಯ ಶಾಸನದ ಗುಂಪಿಗೇ ಸೇರಿದ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವು ತನ್ನನ್ನು ತಾನು ‘ಸಾವಣ’ ಎಂದು ಕರೆದುಕೊಳ್ಳುತ್ತದೆ. ಸಂಸ್ಕೃತದಲ್ಲಿ ಅದು ‘ಶ್ರಾವಣ’, ಎಂದರೆ ಕೇಳಿಸತಕ್ಕದ್ದು. ಕಳಿಂಗದೇಶದ ಧೌಲಿಯಲ್ಲಿಯೂ ಜೌಗಡದಲ್ಲಿಯೂ ಇರುವ ಅವನ ಶಾಸನಗಳಲ್ಲಿ, ಇವನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಕೇಳಬೇಕೆಂಬ ಅಪ್ಪಣೆಯೂ ಇದೆ. ತನ್ನ ಪ್ರಜೆಗಳಲ್ಲಿ ಬಹುಮಂದಿ ಓದಲಾರರೆಂಬದು ಚಕ್ರವರ್ತಿಗೆ ತಿಳಿದಿತ್ತು. ಕಲ್ಲಿನ ಮೇಲೆ ಬರೆಯಿಸಿದ್ದು ಮಾತು ಉಳಿಯಲೆಂದು. ಓದಿ ಹೇಳಿಸಿದ್ದು ಅದು ಜನರಿಗೆ ಮುಟ್ಟಲೆಂದು. ಹಾಗಾದರೆ ಬಂಡೆಯ ಮುಂದೆ ಗಂಟಲು ಒಣಗಿಸಿಕೊಂಡ ಹಳ್ಳಿಯ ಮಾಸ್ತರನು ಅಶೋಕನ ಕೆಲಸವನ್ನೇ ಮಾಡುತ್ತಿದ್ದನು. ನಾಳೆ ಆ ಕೆಲಸವನ್ನು ಅಂಗೈಯಗಲದ ಯಂತ್ರವೊಂದು ವಹಿಸಿಕೊಂಡರೆ ಮಾಸ್ತರನಿಗೆ ಸಂತೋಷವೇ ಸರಿ. ಆದರೆ ಆ ಯಂತ್ರವು ನಿಜವನ್ನೇ ಹೇಳಲಿ. ಹಿಂದಿನ ಸಾಲಿನ ಹುಡುಗನಿಗೂ, ಓದು ಬಾರದ ಅಜ್ಜಿಗೂ ತಿಳಿಯುವಂತೆ ಹೇಳಲಿ.